ಆಗದೇ ಇದ್ದ ಹರ್ನಿಯಾ

ನನಗೆ ಹರ್ನಿಯಾ ಆಗಿರಲಿಲ್ಲ.

ಪೀಣ್ಯದ ನಮ್ಮ ಮೆಷೀನ್ ಶಾಪಿನಲ್ಲಿ ಆರು ವರ್ಷದಿಂದ ಒಂದು ಕಥೆ ಓಡಾಡುತ್ತಿದೆ – ಲೇತಿಗೆ ಚಕ್ಕು ಏರಿಸುವಾಗ ಈರಣ್ಣ ಮೊದಲೇ ಕೈ ಬಿಟ್ಟ, ಭಾರವೆಲ್ಲ ರಂಗಸ್ವಾಮಿಯ ಹೊಟ್ಟೆಗೆ ಬಿತ್ತು, ಹರ್ನಿಯಾ ಆಯಿತು, ಆಪರೇಷನ್ ಕೆಟ್ಟಿತು, ಮನುಷ್ಯ ಉಳಿದದ್ದೇ ಹೆಚ್ಚು. ಆ ರಂಗಸ್ವಾಮಿ ನಾನು. ಆಪರೇಷನ್ ಆದದ್ದು ನಿಜ. ಅದು ಕೆಟ್ಟದ್ದೂ ನಿಜ. ಮಿಕ್ಕಿದ್ದೆಲ್ಲ ನಾನು ಹೇಳಿದ ಸುಳ್ಳು, ಇಲ್ಲವೇ ಬೇರೆಯವರು ಹೇಳಿದಾಗ ನಾನು ಸುಮ್ಮನಿದ್ದು ಬೆಳೆಸಿದ ಸುಳ್ಳು.

ನಾನು ಮಾಡಿಸಿಕೊಂಡದ್ದು ಹೊಟ್ಟೆಯ ಜೋತುಬಿದ್ದ ಚರ್ಮ ಕತ್ತರಿಸಿ ತೆಗೆಯುವ ಆಪರೇಷನ್. ಟಮ್ಮಿ ಟಕ್ ಅನ್ನುತ್ತಾರೆ. ನೋಡಿ, ಬರೆದುಬಿಟ್ಟೆ. ಈ ಎರಡು ಪದವನ್ನು ಮೂರು ಸಲ ಟೈಪ್ ಮಾಡಿ ಮೂರು ಸಲ ಅಳಿಸಿದ್ದೆ.

ನಾನು ಮಧುಗಿರಿಯವನು. ಹೆಲ್ಪರ್ ಆಗಿ ಪೀಣ್ಯಕ್ಕೆ ಬಂದೆ, ಕಬ್ಬಿಣ ತರಿಯುವ ಲೇತು ಮೆಷೀನು ಕಲಿತೆ, ಟರ್ನರ್ ಆದೆ. ಸಂಜೆ ಕ್ಲಾಸಿಗೆ ಹೋಗಿ ಹತ್ತನೇ ತರಗತಿ ಪಾಸಾದಾಗ ನನಗೆ ಮೂವತ್ತನಾಲ್ಕು. ಇದನ್ನು ಯಾಕೆ ಹೇಳುತ್ತೇನೆಂದರೆ – ಓದು ಬರಹ ತಿಳಿಯದವನು, ಗೊತ್ತಿಲ್ಲದೆ ಮಾಡಿದ ಅಂತ ಯಾರೂ ನನ್ನ ಪರವಾಗಿ ಹೇಳಬಾರದು. ಗೊತ್ತಿದ್ದೇ ಮಾಡಿದೆ.

ಒಂದು ಕಾಲಕ್ಕೆ ನಾನು ನೂರಾ ಹದಿನೆಂಟು ಕೆಜಿ ಇದ್ದೆ. ಶಾಪಿನಲ್ಲಿ ನನ್ನ ಹೆಸರು ‘ಡ್ರಮ್ಮು’. ಶುಗರ್ ಬಂತು. ಡಾಕ್ಟರು ಹೆದರಿಸಿದರು. ನಾನು ಹಟಕ್ಕೆ ಬಿದ್ದೆ. ದಾಸರಹಳ್ಳಿಯ ಮನೆಯಿಂದ ಶಾಪಿಗೆ ನಡೆದೇ ಹೋಗುತ್ತಿದ್ದೆ, ನಡೆದೇ ಬರುತ್ತಿದ್ದೆ. ಅನ್ನ ಬಿಟ್ಟೆ, ಎಣ್ಣೆ ತಿಂಡಿ ಬಿಟ್ಟೆ. ಎರಡು ವರ್ಷದಲ್ಲಿ ನಲವತ್ತು ಕೆಜಿ ಇಳಿಯಿತು. ಗೆದ್ದೆ ಅಂದುಕೊಂಡೆ. ಆದರೆ ಒಳಗಿನ ಕೊಬ್ಬು ಹೋಯಿತು, ಮೇಲಿನ ಚರ್ಮ ಹೋಗಲಿಲ್ಲ. ಹೊಕ್ಕುಳಿನ ಕೆಳಗೆ ಒಂದು ಮಡಿಕೆ ತೊಡೆಯವರೆಗೂ ಇಳಿದು ನೇತಾಡುತ್ತಿತ್ತು. ಎಷ್ಟು ನಡೆದರೂ ಅದು ಕರಗುವಂಥದ್ದಲ್ಲ – ಖಾಲಿ ಚೀಲ. ಅದರ ಅಡಿಯಲ್ಲಿ ಬೆವರು ನಿಂತು, ಮೆಷೀನಿಗೆ ಸುರಿಯುವ ಕೂಲೆಂಟ್ ಎಣ್ಣೆ, ಕಬ್ಬಿಣದ ಪುಡಿ ಸೇರಿ ಹುಣ್ಣಾಗುತ್ತಿತ್ತು. ಬೇಸಿಗೆಯಲ್ಲಿ ವಾಸನೆ ಬೇರೆ. ಹೆಂಡತಿ ಜಯಮ್ಮ ಪ್ರತಿ ಬೆಳಿಗ್ಗೆ ಹತ್ತಿ ಬಟ್ಟೆ ಮಡಚಿ ಅಡಿಗೆ ಇಟ್ಟುಕೊಡುತ್ತಿದ್ದಳು.

ಬಟ್ಟೆ ಬದಲಿಸುವ ರೂಮಿನಲ್ಲಿ ಒಂದು ದಿನ ಒಬ್ಬ ಕೂಗಿದ, “ಏನ್ ಗುರು, ಟ್ಯೂಬ್ ಗಾಳಿ ಎಲ್ಲಾ ಹೋಗ್ಬಿಟ್ಟಿದೆ, ಪಂಚರ್ ಎಲ್ಲಾಯ್ತು?” ಎಲ್ಲರೂ ನಕ್ಕರು. ನಾನೂ ನಕ್ಕೆ. ಡ್ರಮ್ಮು ಅಂದಾಗ ನನಗೆ ಅಷ್ಟು ನೋವಾಗಿರಲಿಲ್ಲ. ಇದು – ಇದು ಎರಡು ವರ್ಷ ನಡೆದ ಮೇಲೆ ಬಂದದ್ದು.

ಆಗಲೇ ತೀರ್ಮಾನ ಮಾಡಿದೆ. ತೆಗೆಸುತ್ತೇನೆ. ಆದರೆ ಯಾರಿಗೂ ಗೊತ್ತಾಗಬಾರದು. ಗಂಡಸು, ಅದೂ ಲೇತಿನ ಮುಂದೆ ನಿಲ್ಲುವವನು, ಹೊಟ್ಟೆ ಚಂದ ಮಾಡಿಸಿಕೊಂಡ ಅಂದರೆ ಪೀಣ್ಯ ಎರಡನೇ ಹಂತದಲ್ಲಿ ಬದುಕೋಕೆ ಬಿಡುತ್ತಾರಾ? ಹಾಗಂತ ನಂಬಿದ್ದೆ. ಅದಕ್ಕೇ ಊರಿನ ಆ ಕೊನೆಗೆ, ಕುಂದಲಹಳ್ಳಿ ಕಡೆ ಒಂದು ಆಸ್ಪತ್ರೆ ಹುಡುಕಿದೆ. ನಮ್ಮ ಕಡೆಯವರು ಯಾರೂ ಅಲ್ಲಿಗೆ ಬರುವವರಲ್ಲ.

ಡಾಕ್ಟರು ಒಳ್ಳೆಯವರು. ಇದನ್ನು ಮೊದಲೇ ಹೇಳಬೇಕು, ಅವರ ಕಡೆಯಿಂದ ಏನೂ ತಪ್ಪಿಲ್ಲ. ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದರು. ಸೊಂಟದ ಈ ಕಡೆಯಿಂದ ಆ ಕಡೆಯವರೆಗೆ ಕೊಯ್ಯಬೇಕು. ಚರ್ಮ ಎಳೆದು ಹೊಲಿಯಬೇಕು. ಹೊಕ್ಕುಳಿಗೆ ಹೊಸ ಜಾಗ ಮಾಡಬೇಕು. ಗಂಡಸರಿಗೆ ಒಳಗೆ ರಕ್ತ ಕಟ್ಟಿಕೊಳ್ಳುವುದು ಜಾಸ್ತಿ, ನೀರು ತುಂಬಿಕೊಳ್ಳಬಹುದು. ಸಿಗರೇಟು ಸೇದುವವರಾದರೆ ಚರ್ಮಕ್ಕೆ ರಕ್ತ ಸಾಲದೆ ಅಂಚು ಸತ್ತುಹೋಗಬಹುದು.

“ನೀವು ಸೇದ್ತೀರಾ?” ಅಂತ ಕೇಳಿದರು.

“ಬಿಟ್ಟು ಎರಡು ತಿಂಗಳಾಯ್ತು ಸಾರ್,” ಅಂದೆ.

ಅವತ್ತು ಬೆಳಿಗ್ಗೆ ಬಸ್ ಹತ್ತುವ ಮುಂಚೆಯೂ ಒಂದು ಸೇದಿದ್ದೆ. ದಿನಕ್ಕೆ ಏಳೆಂಟು ಆಗುತ್ತಿತ್ತು. ನಿಜ ಹೇಳಿದರೆ ಮುಂದಕ್ಕೆ ಹಾಕುತ್ತಾರೆ ಅನ್ನುವ ಭಯ. ಬಿಟ್ಟರೆ ಆಗುತ್ತಿತ್ತಲ್ಲ – ಬಿಡಲಿಲ್ಲ.

ಇನ್ನು ಈರಣ್ಣನ ವಿಷಯ.

ಈರಣ್ಣ ಬಾಗಲಕೋಟೆ ಕಡೆಯ ಹಳ್ಳಿಯವನು. ಆಗ ಅವನಿಗೆ ಮೂವತ್ತು. ಎಂಟು ವರ್ಷ ಹೆಲ್ಪರ್ ಆಗಿ ದುಡಿದು, ನನ್ನ ಪಕ್ಕ ನಿಂತು ಲೇತು ಕಲಿತಿದ್ದ. ಒಳ್ಳೆಯ ಕೈ. ಉಕ್ಕನ್ನು ತರಿಯುವಾಗ ಬರುವ ಸದ್ದು ಕೇಳಿಯೇ ಉಳಿ ಮೊಂಡಾಗಿದೆ ಅಂತ ಹೇಳುತ್ತಿದ್ದ. ಸೂಪರ್‌ವೈಸರ್ ಮೂರ್ತಿ ಸಾರ್ ಅವನಿಗೆ ಮಾತು ಕೊಟ್ಟಿದ್ದರು, “ಮುಂದಿನ ತಿಂಗಳಿಂದ ನಾಲ್ಕನೇ ನಂಬರ್ ಲೇತು ನಿಂದೇ ಕಣಪ್ಪ.” ಅವನು ಊರಿಗೆ ಫೋನ್ ಮಾಡಿ ಹೇಳಿಕೊಂಡಿದ್ದ. ಶಾಪಿಗೆಲ್ಲ ಪೇಡಾ ತಂದು ಹಂಚಿದ್ದ.

ಲೇತಿನ ಚಕ್ಕು ಅಂದರೆ ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗಿಸುವ ಉಕ್ಕಿನ ದಪ್ಪ ಬಿಲ್ಲೆ. ನಮ್ಮ ದೊಡ್ಡ ಚಕ್ಕು ಐವತ್ತು ಕೆಜಿಗೂ ಮೇಲೆ. ಅದನ್ನು ಬದಲಿಸುವಾಗ ಇಬ್ಬರು ಹಿಡಿಯಬೇಕು. ಮೆಷೀನಿನ ತಲೆಯ ಕಡೆ ನಿಂತವನು ಚಕ್ಕನ್ನು ತಿರುಗಿಸಿ ಥ್ರೆಡ್ಡಿಗೆ ಹತ್ತಿಸುತ್ತಾನೆ. ಎದುರಿನವನು ಭಾರ ಹೊರುತ್ತಾನೆ. ಥ್ರೆಡ್ಡು ಕಚ್ಚಿದ ಮೇಲೆ ತಲೆಯ ಕಡೆಯವನು “ಹಿಡೀತು” ಅನ್ನಬೇಕು. ಅವನು ಅನ್ನುವವರೆಗೂ ಎದುರಿನವನು ಪ್ರಾಣ ಹೋದರೂ ಕೈ ಬಿಡಬಾರದು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ. ಆದರೆ ಇದನ್ನು ತಪ್ಪಿದವನ ಜೊತೆ ಇನ್ನೊಬ್ಬ ಜೋಡಿ ನಿಲ್ಲುವುದಿಲ್ಲ. ಕೈಬೆರಳು, ಕಾಲ್ಬೆರಳು ಎಲ್ಲ ಆ ಒಂದು ಮಾತಿನ ಮೇಲೆ ನಿಂತಿರುತ್ತವೆ.

ಆಪರೇಷನ್ನಿಗೆ ದಿನ ಗೊತ್ತಾಗಿ, ಇನ್ನೂ ಮೂರು ವಾರ ಇತ್ತು. ಅವತ್ತು ನಾನು ತಲೆಯ ಕಡೆ, ಈರಣ್ಣ ಎದುರಿಗೆ. ಬಗ್ಗಿ ಚಕ್ಕು ತಿರುಗಿಸುತ್ತಿದ್ದೆ. ಹೊಟ್ಟೆಯ ಮಡಿಕೆ ಲೇತಿನ ಬೆಡ್ಡಿನ, ಅಂದರೆ ಅದರ ಕಬ್ಬಿಣದ ಹಾಸಿನ, ಅಂಚಿಗೆ ಸಿಕ್ಕಿಕೊಂಡು, ಅಡಿಯ ಹುಣ್ಣು ಒಡೆಯಿತು. ಕೆಂಡ ಇಟ್ಟ ಹಾಗೆ ಉರಿ. ಬೇಗ ನೇರ ನಿಂತರೆ ಸಾಕು ಅನ್ನಿಸಿತು.

“ಹಿಡೀತು,” ಅಂದೆ.

ಹಿಡಿದಿರಲಿಲ್ಲ.

ಈರಣ್ಣ ಕೈ ತೆಗೆದ – ತೆಗೆಯಬೇಕಾದದ್ದೇ. ಚಕ್ಕು ಜಾರಿ, ನನ್ನ ಮೊಣಕೈ ತರಚಿ, ಬೆಡ್ಡಿನ ಮೇಲೆ ದಪ್ಪಂತ ಬಿತ್ತು. ಬೆಡ್ಡಿನ ಮೇಲೆ ಕಾಳಿನಷ್ಟು ಒಂದು ಕಚ್ಚು. ಲೇತಿಗೆ ಬೆಡ್ಡು ಅಂದರೆ ಕಣ್ಣು ಇದ್ದ ಹಾಗೆ. ಮೂರ್ತಿ ಸಾರ್ ಓಡಿ ಬಂದರು.

“ಯಾವನೋ ಕೈ ಬಿಟ್ಟಿದ್ದು?”

ಈರಣ್ಣ ಬೆಪ್ಪಾಗಿ ನಿಂತಿದ್ದ. “ಅಣ್ಣಾರು ‘ಹಿಡೀತು’ ಅಂದ್ರಲ್ರಿ ಸರ…”

ಅವನು ನನ್ನ ಕಡೆ ನೋಡಿದ. ನಾನು ಮೊಣಕೈ ಉಜ್ಜಿಕೊಳ್ಳುತ್ತಾ ಹೇಳಿದೆ – “ಎಲ್ಲಿ ಅಂದೆ? ನಾನೆಲ್ಲಿ ಅಂದೆ ಈರಣ್ಣ? ಬಾಯೇ ತೆಗ್ದಿಲ್ಲ.”

ಇದೇ ನನ್ನ ಮೊದಲ ಸುಳ್ಳು. ಆಪರೇಷನ್ನಿಗಿಂತ ಮುಂಚಿನದು. ಇದನ್ನು ಜಯಮ್ಮನಿಗೂ ಹೇಳಿರಲಿಲ್ಲ. ಹದಿನೆಂಟು ವರ್ಷ ಒಂದು ತಪ್ಪಿಲ್ಲದೆ ಲೇತು ನಡೆಸಿದವನು ಅನ್ನುವ ಹೆಸರಿತ್ತಲ್ಲ, ಅದಕ್ಕೆ ಹೆದರಿದೆ. ಯಾಕೆ ಬೇಗ ಅಂದೆ ಅಂತ ಕೇಳಿದರೆ ಹೊಟ್ಟೆಯ ವಿಷಯ ಬರುತ್ತದೆ – ಅದಕ್ಕೂ ಹೆದರಿದೆ.

ಈರಣ್ಣ ವಾದ ಮಾಡಲಿಲ್ಲ. ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡಿದ. ಆಮೇಲೆ ತನ್ನ ಕಿವಿಯೊಳಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡ. ಕಂಪ್ರೆಸರ್ ಸದ್ದು ಜೋರಾಗಿತ್ತು. “ನನಗ ಹಂಗ ಕೇಳಿಸ್ತರಿ… ತಪ್ಪಾತು ಅಣ್ಣಾರ,” ಅಂದ.

ಅವನು ನನ್ನನ್ನು ಅಷ್ಟು ನಂಬಿದ್ದ. ತನ್ನ ಕಿವಿಗಿಂತ ಹೆಚ್ಚಾಗಿ.

ಮೂರು ವಾರ ಕಳೆದು ರಜೆ ಕೇಳೋಕೆ ಹೋದೆ. ಹರ್ನಿಯಾ ಆಪರೇಷನ್ ಅಂದೆ. ಪೀಣ್ಯದಲ್ಲಿ ಹರ್ನಿಯಾ ಅಂದರೆ ಮರ್ಯಾದೆಯ ಕಾಯಿಲೆ. ದುಡಿದವನಿಗೆ ಬರುವಂಥದ್ದು. ಯಾರೂ ನಗುವುದಿಲ್ಲ. ಪರಿಚಯದ ಡಾಕ್ಟರ ಹತ್ತಿರ ಮಾಡಿಸುತ್ತೇನೆ ಅಂದೆ. ಮೂರ್ತಿ ಸಾರ್ ಹಣೆ ಗಂಟಿಕ್ಕಿಕೊಂಡು, “ಅವತ್ತು ಚಕ್ಕು ಬಿತ್ತಲ್ಲ ರಂಗಸ್ವಾಮಿ, ಅದ್ರದ್ದೇ ಕಣೋ ಇದು!” ಅಂದರು.

ಹೌದು ಅನ್ನಲಿಲ್ಲ ನಾನು. “ಇರ್ಬೌದು ಸಾರ್,” ಅಂದೆ. ಅಷ್ಟೇ ಸಾಕಾಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು. ಎರಡು ಕೊಳವೆ ಹಾಕಿದ್ದರು, ಒಂದು ವಾರಕ್ಕೆ ತೆಗೆದರು. ಸೊಂಟಕ್ಕೆ ಬಿಗಿ ಬೆಲ್ಟು. ಸ್ವಲ್ಪ ದಿನ ಬಗ್ಗಿಯೇ ನಡೆಯಬೇಕು, ಹೊಲಿಗೆ ಎಳೆಯಬಾರದು. ಆರು ವಾರ ಕೆಲಸಕ್ಕೆ ಹೋಗಬಾರದು, ಭಾರ ಎತ್ತಬಾರದು, ಸಿಗರೇಟಿನ ಹತ್ತಿರ ಸುಳಿಯಬಾರದು.

ಹರ್ನಿಯಾ ಮಾಡಿಸಿಕೊಂಡವರು ನಮ್ಮ ಶಾಪಿನಲ್ಲಿ ಮೂರು ವಾರಕ್ಕೆ ಬಂದು ಕೂತು ಮಾಡುವ ಕೆಲಸ ಮಾಡುತ್ತಾರೆ. ಅದು ಎಲ್ಲರಿಗೂ ಗೊತ್ತು. ನಾನು ಆರು ವಾರ ಮನೆಯಲ್ಲಿದ್ದರೆ? ನೋಡೋಕೆ ಬರುತ್ತಾರೆ. ಎಷ್ಟು ದೊಡ್ಡ ಹರ್ನಿಯಾನೋ, ತೋರಿಸು ಅನ್ನುತ್ತಾರೆ. ಆಗಲೇ ಇಬ್ಬರು ಫೋನ್ ಮಾಡಿ ಕೇಳಿದ್ದರು.

ಅಂದರೆ ನನ್ನ ಗಾಯ ಎಷ್ಟು ದಿನದಲ್ಲಿ ವಾಸಿಯಾಗಬೇಕು ಅನ್ನುವುದನ್ನು ನನ್ನ ಸುಳ್ಳು ಗೊತ್ತುಮಾಡಿತು.

ಇಪ್ಪತ್ತೆರಡನೇ ದಿನ ಯೂನಿಫಾರ್ಮ್ ಹಾಕಿಕೊಂಡೆ. ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು. “ಅಂಗಲ್ಲ ಕಣ್ರೀ, ಡಾಕ್ಟ್ರು ಏನಂದ್ರು, ನೀವೇನ್ ಮಾಡ್ತಿದೀರಿ? ಒಟ್ಟೆ ಇನ್ನೂ ಅಸಿ ಐತೆ!”

“ಕೂತ್ಕೊಂಡೇ ಮಾಡೋ ಕೆಲ್ಸ ಕಣೆ,” ಅಂದೆ. ಹೋದೆ.

ಕೂತು ಮಾಡುವ ಕೆಲಸ ಎರಡು ದಿನ ನಡೆಯಿತು. ಮೂರನೇ ದಿನ ಲೇತಿನ ಮುಂದೆ ನಿಂತಿದ್ದೆ. ಟೀ ಹೊತ್ತಿಗೆ ಎಲ್ಲರ ಜೊತೆ ಗೇಟಿನ ಹೊರಗೆ ಹೋಗಿ ಒಂದು ದಮ್ಮು ಹೊಡೆದೆ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರಲ್ಲ. ವಾರ ಕಳೆಯುವಷ್ಟರಲ್ಲಿ ಹೊಟ್ಟೆ ಒಂಥರಾ ಭಾರ. ಬೆಲ್ಟು ಬಿಚ್ಚಿ ತಟ್ಟಿದರೆ ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಹಾಗೆ ಅಲೆಯುತ್ತಿತ್ತು. ಹೊಲಿಗೆಯ ನಡುವೆ ನಾಲ್ಕು ಬೆರಳು ಅಗಲ ಚರ್ಮ ಮೊದಲು ನೀಲಿಯಾಯಿತು, ಆಮೇಲೆ ಸುಟ್ಟ ಹಪ್ಪಳದ ಹಾಗೆ ಕಪ್ಪಾಯಿತು. ಮುಟ್ಟಿದರೆ ಗೊತ್ತೇ ಆಗುತ್ತಿರಲಿಲ್ಲ. ಹೊಸ ಹೊಕ್ಕುಳೂ ಹಾಗೇ. ಜಯಮ್ಮ ನೋಡಬಾರದು ಅಂತ ಬಚ್ಚಲಲ್ಲಿ ಒಬ್ಬನೇ ಬಟ್ಟೆ ಬದಲಿಸುತ್ತಿದ್ದೆ.

ಕೆಲಸಕ್ಕೆ ಮರಳಿದ ಹನ್ನೊಂದನೇ ದಿನ ಚಳಿಜ್ವರ ಹತ್ತಿತು. ಲೇತು ಹಿಡಿದುಕೊಂಡೇ ನಿಂತಿದ್ದೆ. ಈರಣ್ಣ ಬಂದ.

“ಅಣ್ಣಾರ, ಅಂಗಿ ತೊಯ್ದೈತಲ್ರಿ.”

“ಕೂಲೆಂಟ್ ಹಾರಿದೆ.”

“ಕೂಲೆಂಟ್ ಬೆಳ್ಳಗಿರತೈತ್ರಿ. ಇದು ಕೆಂಪೈತಿ.”

ಅವನು ಅಂಗಿ ಎತ್ತಲಿಲ್ಲ. ಮೆಷೀನ್ ಆಫ್ ಮಾಡಿದ, ನನ್ನ ತೋಳಿನ ಅಡಿಗೆ ತಲೆ ಕೊಟ್ಟು ನಡೆಸಿಕೊಂಡು ಹೋಗಿ ಆಟೋ ಹತ್ತಿಸಿದ. ಅಕ್ಕಪಕ್ಕದಲ್ಲೇ ಮೂರು ಆಸ್ಪತ್ರೆ ಇದ್ದವು. ಇಲ್ಲ, ಕುಂದಲಹಳ್ಳಿಗೇ ಹೋಗಬೇಕು ಅಂತ ಹಟ ಹಿಡಿದೆ. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ, ಈರಣ್ಣ ತನ್ನ ಟವೆಲ್ ಮಡಚಿ ನನ್ನ ಹೊಟ್ಟೆಗೆ ಒತ್ತಿ ಹಿಡಿದಿದ್ದ. ಆ ಎರಡು ಗಂಟೆಯಲ್ಲಿ ಒಂದು ಸಲವೂ ಕೈ ಬಿಡಲಿಲ್ಲ. ಕೈ ಬಿಟ್ಟವನು ಅಂತ ನಾನು ಹೆಸರಿಟ್ಟ ಮನುಷ್ಯ.

ಡಾಕ್ಟರು ಬಟ್ಟೆ ಬಿಚ್ಚಿ ನೋಡಿದರು. “ಸಿಗರೇಟ್ ಬಿಟ್ಟಿದ್ದೆ ಅಂದ್ರಲ್ಲ?” ಅಂದರು. ಇಲ್ಲ ಅಂತ ತಲೆ ಆಡಿಸಿದೆ. “ನೀವು ನನಗೆ ಸುಳ್ಳು ಹೇಳಲಿಲ್ಲ ರಂಗಸ್ವಾಮಿ. ನಿಮ್ಮ ಮೈಗೆ ಹೇಳಿದ್ರಿ,” ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಒಳಗೆ ತುಂಬಿದ್ದ ನೀರು ತೆಗೆದರು. ಸತ್ತ ಚರ್ಮ ಕತ್ತರಿಸಿದರು. ಹೊಕ್ಕುಳು ಉಳಿಯಲಿಲ್ಲ. ಗಾಯವನ್ನು ಹೊಲಿಯುವ ಹಾಗಿರಲಿಲ್ಲ. ಬಿಟ್ಟೇ ಇರಬೇಕು, ತಳದಿಂದ ತಾನಾಗಿ ಮಾಂಸ ತುಂಬಿಕೊಂಡು ಬರಬೇಕು. ಎರಡೂವರೆ ತಿಂಗಳು ಹಿಡಿಯಿತು. ಅಂಗೈ ಹೋಗುವಷ್ಟು ಗುಂಡಿ. ಇವತ್ತಿಗೂ ನನ್ನ ಹೊಟ್ಟೆಯ ಮೇಲೆ ಹೊಕ್ಕುಳಿಲ್ಲ, ಅದು ಇದ್ದ ಜಾಗದಲ್ಲಿ ಸುಕ್ಕು ಕಟ್ಟಿದ ಒಂದು ಕಲೆ ಇದೆ. ಹೊಟ್ಟೆ ಚಂದವಾಗಲಿ ಅಂತ ಹೋದವನು ನಾನು.

ಆ ಎರಡೂವರೆ ತಿಂಗಳು ದಿನ ಬಿಟ್ಟು ದಿನ ಡ್ರೆಸಿಂಗಿಗೆ ಕರೆದುಕೊಂಡು ಹೋದವನು ಈರಣ್ಣ. ಮೊದಲ ಶಿಫ್ಟು ಮುಗಿಸಿ, ಊಟವನ್ನೂ ಮಾಡದೆ ಯಾರದೋ ಸ್ಕೂಟರ್ ತಂದು ನಿಲ್ಲಿಸುತ್ತಿದ್ದ. ಆಸ್ಪತ್ರೆಯ ಗೋಡೆಯ ಮೇಲೆಲ್ಲ ನಗುತ್ತಿರುವ ಹೆಣ್ಣುಮಕ್ಕಳ ಫೋಟೋ. ಅವನು ಒಂದೊಂದನ್ನೇ ನೋಡಿ, “ಅಲ್ರಿ ಅಣ್ಣಾರ, ಇಲ್ಲೆಲ್ಲಾ ಹೀರೋಯಿನ್‌ಗೋಳ ಫೋಟೋನ ಅದಾವಲ್ರಿ. ಹರ್ನಿಯಾದವ್ರದು ಒಂದೂ ಇಲ್ಲ,” ಅಂದ.

“ಎಲ್ಲಾ ತರದ ಆಪರೇಷನ್ನೂ ಮಾಡ್ತಾರೆ ಕಣೋ,” ಅಂದೆ. ಅವನು ನಕ್ಕ. ನಾನು ನಗೋಕೆ ಹೋದರೆ ಗಾಯ ಎಳೆಯಿತು.

ಒಂದು ದಿನ ನರ್ಸಮ್ಮ ಒಬ್ಬರೇ ಇದ್ದರು. ದೀಪ ಹಿಡಿಯೋಕೆ ಅವನನ್ನು ಒಳಗೆ ಕರೆದರು. ಆಗಲೇ ಅವನು ಮೊದಲ ಸಲ ಪೂರ್ತಿ ಗಾಯ ನೋಡಿದ್ದು – ಸೊಂಟದಿಂದ ಸೊಂಟಕ್ಕೆ ಕೊಯ್ದ ಗೆರೆ, ನಡುವೆ ಬಾಯಿ ತೆರೆದ ಗುಂಡಿ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಅವನು ಕೇಳಿದ,

“ಹರ್ನಿಯಾಕ್ಕ ಅಷ್ಟುದ್ದ ಕೊಯ್ತಾರೇನ್ರಿ?”

“ಒಳಗೆಲ್ಲಾ ಹರಿದಿತ್ತಂತೆ,” ಅಂದೆ.

ಅವನು ಎರಡೂ ಕೈ ನೋಡಿಕೊಂಡ. “ಅಣ್ಣಾರ… ಖರೇ ಹೇಳ್ರಿ. ಇದು ನನ್ನ ಕೈಯಿಂದನ ಆತೇನ್ರಿ?”

ಆ ಮೆಟ್ಟಿಲ ಮೇಲೆ ನನಗೆ ಅವಕಾಶ ಸಿಕ್ಕಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನದ ಬಿಸಿಲು, ಎದುರಿಗೆ ಒಂದು ಎಳನೀರು ಗಾಡಿ. ಇಲ್ಲ ಕಣೋ, ನಿನ್ನಿಂದಲ್ಲ – ಇಷ್ಟು ಹೇಳಿದ್ದರೆ ಸಾಕಿತ್ತು. ಪೂರ್ತಿ ನಿಜ ಹೇಳದಿದ್ದರೂ ಅಷ್ಟಾದರೂ…

“ಆಗಿದ್ದು ಆಯ್ತು ಬಿಡೋ,” ಅಂದೆ. ದೊಡ್ಡ ಮನಸ್ಸಿನವನ ಹಾಗೆ. ಅವನ ಬೆನ್ನು ತಟ್ಟಿದೆ ಕೂಡ.

ಅವನು ಎರಡೂ ಕೆನ್ನೆ ಬಡಿದುಕೊಂಡು ಅತ್ತ.

ನನ್ನ ತಪ್ಪಿನಿಂದ ಗಾಯ ಎಷ್ಟು ದೊಡ್ಡದಾಯಿತೋ, ಅವನು ಹೊತ್ತುಕೊಂಡ ಪಾಪವೂ ಅಷ್ಟೇ ದೊಡ್ಡದಾಯಿತು. ನನ್ನ ಸಿಗರೇಟು, ನನ್ನ ಅವಸರ, ನನ್ನ ನಾಚಿಕೆ – ಎಲ್ಲದರ ಲೆಕ್ಕವನ್ನೂ ಅವನ ತಲೆಗೆ ಕಟ್ಟಿ, ಅದರ ಮೇಲೆ ಕ್ಷಮಿಸಿದವನ ಹಾಗೆ ಬೆನ್ನು ತಟ್ಟಿದ್ದೆ.

ನಾನು ಶಾಪಿಗೆ ವಾಪಸ್ ಹೋಗುವಷ್ಟರಲ್ಲಿ ನಾಲ್ಕನೇ ನಂಬರ್ ಲೇತು ಬೇರೊಬ್ಬನ ಕೈಗೆ ಹೋಗಿತ್ತು. ಈರಣ್ಣನನ್ನು ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸುವ ಗರಗಸದ ಮೆಷೀನಿಗೆ ಹಾಕಿದ್ದರು. ಅಲ್ಲಿ ಒಬ್ಬನೇ ನಿಲ್ಲಬೇಕು, ಜೋಡಿ ಬೇಕಾಗಿಲ್ಲ. ಹೊಸದಾಗಿ ಬಂದವರಿಗೂ ಹೇಳಿಕೊಡುತ್ತಿದ್ದರು, “ಮಚ್ಚಾ, ಈರಣ್ಣನ ಜೊತೆ ಏನೂ ಹಿಡೀಬೇಡ. ಹೊಟ್ಟೆ ಹರಿದುಬಿಡ್ತಾನೆ.” ತಮಾಷೆಗೇ ಹೇಳುತ್ತಿದ್ದರು. ಅವನೂ ನಗುತ್ತಿದ್ದ – ಬಟ್ಟೆ ಬದಲಿಸುವ ರೂಮಿನಲ್ಲಿ ನಾನು ನಕ್ಕ ಹಾಗೆ.

ನಾನು ಸಿಗರೇಟು ಬಿಟ್ಟೆ. ಅದನ್ನು ಪ್ರಾಯಶ್ಚಿತ್ತ ಅಂತ ಹೇಳಿಕೊಳ್ಳುವುದಿಲ್ಲ. ಅದು ನನ್ನ ಮೈಗೆ ಮಾಡಿಕೊಂಡ ಉಪಕಾರ. ಅವನಿಗೆ ಏನೂ ಮಾಡಲಿಲ್ಲ. ಆರು ವರ್ಷ, ದಿನಾ ಬೆಳಿಗ್ಗೆ ಲೇತಿನ ಬೆಡ್ಡು ಒರೆಸುವಾಗ ಆ ಕಚ್ಚಿನ ಮೇಲೆ ನನ್ನ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ದಿನಾ ಬಿಡಿಸಿಕೊಂಡು ಮುಂದೆ ಒರೆಸುತ್ತಿದ್ದೆ.

ಹೋದ ತಿಂಗಳು ಈರಣ್ಣನ ಮಗಳಿಗೆ ಹೆಸರಿಡುವ ಕಾರ್ಯ ಇತ್ತು, ಲಗ್ಗೆರೆಯ ಅವನ ಬಾಡಿಗೆ ರೂಮಿನಲ್ಲಿ. ನಾನು, ಜಯಮ್ಮ ಹೋಗಿದ್ದೆವು. ಅವನ ಅತ್ತೆ ಮಗುವನ್ನು ಎತ್ತಿ ಅವನ ಕಡೆ ಚಾಚಿದರು. ಈರಣ್ಣ ತಟಕ್ಕನೆ ಎರಡು ಹೆಜ್ಜೆ ಹಿಂದೆ ಸರಿದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ತೊಡೆ ತೋರಿಸಿದ.

“ತೊಡಿ ಮ್ಯಾಲ ಹಾಕ್ರಿ ಅತ್ತಿ.”

ಅವನ ಹೆಂಡತಿ ನೀಲವ್ವ ನಗುತ್ತಾ ಜಯಮ್ಮನಿಗೆ ಹೇಳಿದಳು, “ಯಾವತ್ತೂ ಹಂಗ ನೋಡ್ರಿ ಅಕ್ಕಾರ. ನಿಂತ್ಕೊಂಡು ಕೂಸಿನ್ನ ಇಸ್ಕೊಳ್ಳೂದಿಲ್ಲ. ನನ್ನ ಕೈ ಭರೋಸಾ ಇಲ್ಲ ಅಂತಾರ.”

ಎಲ್ಲರೂ ನಕ್ಕರು. ಈರಣ್ಣ ನನ್ನ ಕಡೆ ನೋಡಿ, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ. ಮಗು ಎರಡೂವರೆ ಕೆಜಿ ಇತ್ತೋ ಏನೋ.

ಮನೆಗೆ ಬರುತ್ತಾ ದಾರಿಯಲ್ಲೇ ಜಯಮ್ಮನಿಗೆ “ಹಿಡೀತು” ಅಂದದ್ದನ್ನೂ ಹೇಳಿದೆ. ಆಪರೇಷನ್ನಿನ ಸುಳ್ಳು ಅವಳಿಗೆ ಗೊತ್ತಿತ್ತು, ಇದು ಗೊತ್ತಿರಲಿಲ್ಲ. ಅವಳು ನಡೆಯುವುದನ್ನು ನಿಲ್ಲಿಸಿದಳು. “ಆ ಒಟ್ಟೆ ಗಾಯ ಮಾದೋಯ್ತು. ಆ ಮನ್ಸಂದು? ನೀವು ಏಳ್ತೀರೋ, ನಾನೇ ಓಗಿ ಏಳ್ಲೋ?” ಅಂದಳು. ಆಮೇಲೆ ಮನೆ ತಲುಪುವವರೆಗೂ ನನ್ನ ಪಕ್ಕ ನಡೆಯಲಿಲ್ಲ.

ಆಮೇಲೂ ಮೂರು ವಾರ ತಳ್ಳಿದೆ. ಅದನ್ನೂ ಬರೆದುಬಿಡಬೇಕು.

ಇವತ್ತು ಭಾನುವಾರ ಬೆಳಿಗ್ಗೆ ಲಗ್ಗೆರೆಗೆ ಹೋದೆ. ನೀಲವ್ವ ಬಾಗಿಲ ಬಳಿ ಮಗುವನ್ನು ಎಳೆಬಿಸಿಲಿಗೆ ಹಿಡಿದು ಕೂತಿದ್ದಳು. ಈರಣ್ಣ ಚಾಪೆ ಹಾಸಿದ. ನಾನು ಕೂರಲಿಲ್ಲ. ಅಂಗಿ ಎತ್ತಿ, ಗಾಯದ ಗೆರೆ ತೋರಿಸಿ, ಇದು ಹರ್ನಿಯಾ ಅಲ್ಲ ಅಂದೆ. ಏನು ಅಂತ ಹೇಳಿದೆ. ಯಾಕೆ ಕೆಟ್ಟಿತು ಅಂತ ಹೇಳಿದೆ. ಅವನಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಹಿಡಿಯಿತು. ಹೊಟ್ಟೆಯ ವಿಷಯಕ್ಕೆ ಅವನು ನಗಲಿಲ್ಲ, ಸಿಟ್ಟಾಗಲಿಲ್ಲ. ಕೇಳಿದ್ದು ಬೇರೆಯೇ.

“ಆತು. ಹೊಟ್ಟೀದು ಬಿಡ್ರಿ. ಆ ದಿನ… ಚಕ್ಕು ಏರ್ಸೂಮುಂದ… ನೀವು ‘ಹಿಡೀತು’ ಅಂದಿದ್ರೇನ್ರಿ?”

“ಅಂದಿದ್ದೆ.”

“ಇನ್ನೊಮ್ಮೆ ಹೇಳ್ರಿ.”

“ಅಂದಿದ್ದೆ ಈರಣ್ಣ. ಹಿಡೀದೇ ಇದ್ರೂ ‘ಹಿಡೀತು’ ಅಂದೆ. ನೀನು ಸರಿಯಾಗೇ ಕೇಳಿಸ್ಕೊಂಡೆ. ಸರಿಯಾಗೇ ಕೈ ತೆಗ್ದೆ.”

“ಆರು ವರ್ಷ ನನ್ನ ಕಿವೀನ ಸುಳ್ಳು ಅಂದ್ಕೊಂಡಿದ್ನಲ್ರಿ,” ಅಂದ, ಮೆಲ್ಲಗೆ, ನನಗಲ್ಲ – ತನಗೇ. ಆಮೇಲೆ ಬಾಗಿಲಿಗೆ ಹೋದ. ನೀಲವ್ವನ ಮುಂದೆ ನಿಂತು ಎರಡೂ ಕೈ ಚಾಚಿದ. ಅವಳು ಗಾಬರಿಯಿಂದ, “ಕುಂದ್ರಿ, ಕುಂದ್ರಿ ಮೊದಲ,” ಅಂದಳು. ಅವನು ಕೂರಲಿಲ್ಲ. ನಿಂತೇ ಮಗುವನ್ನು ಇಸಿದುಕೊಂಡ. ಎದೆಗೆ ಹಾಕಿಕೊಂಡು ನನಗೆ ಬೆನ್ನು ಮಾಡಿ ನಿಂತ.

“ಶಾಪಿನ್ಯಾಗ ಹೇಳ್ತೀರೇನು?”

“ನಾಳೆ ಹೇಳ್ತೀನಿ.”

“ಎಲ್ಲಾರ ಮುಂದ?”

“ಎಲ್ಲರ ಮುಂದೆ.”

“ನಗ್ತಾರ್ರಿ ನಿಮಗ.”

“ನಗ್ಲಿ.”

ಅವನು ತಿರುಗಲಿಲ್ಲ. “ಈಗ ಹೋಗ್ರಿ ರಂಗಸ್ವಾಮಿಯವರ,” ಅಂದ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ನಾನು ಅಣ್ಣಾರ ಆಗಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದೆ. ಕ್ಷಮಿಸು ಅಂತ ಕೇಳಲಿಲ್ಲ. ಕೇಳಿದರೆ, ಮೆಟ್ಟಿಲ ಮೇಲೆ ನಾನು ಹೇಳಿದ ಹಾಗೆ ಅವನೂ “ಆಗಿದ್ದು ಆತು ಬಿಡ್ರಿ” ಅಂದುಬಿಡುತ್ತಾನೇನೋ ಅನ್ನುವ ಭಯವಾಯಿತು. ಆ ಮಾತು ನನಗೆ ಅಷ್ಟು ಸುಲಭಕ್ಕೆ ಸಿಗಬಾರದು.

ಮಧ್ಯಾಹ್ನದಿಂದ ಕೂತು ಇದನ್ನು ಟೈಪ್ ಮಾಡುತ್ತಿದ್ದೇನೆ. ನಾಳೆ ಎಲ್ಲರ ಮುಂದೆ ಬಾಯಿ ತಡವರಿಸಿದರೆ ಇದನ್ನೇ ಓದುತ್ತೇನೆ. ಓದೋಕೂ ಆಗದಿದ್ದರೆ ಶಿಫ್ಟು ಪಟ್ಟಿಯ ಪಕ್ಕ ಅಂಟಿಸುತ್ತೇನೆ. ಮೂರ್ತಿ ಸಾರ್ ಏನು ಮಾಡುತ್ತಾರೋ ಮಾಡಲಿ. ನನ್ನ ಲೇತು ಹೋದರೆ ಹೋಗಲಿ, ಹಿಂದಿನ ಶೆಡ್ಡಿನ ಗರಗಸದ ಮುಂದೆ ನಿಲ್ಲೋಕೆ ನನಗೂ ಕೈ ಇವೆ. ಟ್ಯೂಬು, ಪಂಚರ್, ಹೀರೋಯಿನ್ – ಯಾರಿಗೆ ಏನು ಹೆಸರು ತೋಚುತ್ತದೋ ಕರೆಯಲಿ. ಈರಣ್ಣನ ಹೆಸರು ಮಾತ್ರ ಅವನಿಗೆ ವಾಪಸ್ ಹೋಗಬೇಕು.

ನಾಳೆ ನನ್ನ ಲೇತಿನಲ್ಲಿ ಚಕ್ಕು ಬದಲಿಸುವುದಿದೆ. ಎಲ್ಲ ಹೇಳಿ ಮುಗಿಸಿದ ಮೇಲೆ ಅವನನ್ನು ಕರೆಯುತ್ತೇನೆ. ತಲೆಯ ಕಡೆ ಅವನು ನಿಲ್ಲಲಿ. ಆರು ವರ್ಷದಿಂದ ನಾನು ಭಾರ ಎತ್ತಿಲ್ಲ, ಆಗದ ಹರ್ನಿಯಾದ ಹೆಸರಲ್ಲಿ ಬೇರೆಯವರೇ ಎತ್ತಿಕೊಟ್ಟಿದ್ದಾರೆ. ಹಳೆಯ ಗಾಯ ಗಟ್ಟಿಯಾಗಿದೆ, ಎತ್ತಬಹುದು ಅಂತ ಡಾಕ್ಟರು ಯಾವತ್ತೋ ಹೇಳಿದ್ದಾರೆ. ಭಾರದ ಕಡೆ ನಾನು ನಿಲ್ಲುತ್ತೇನೆ.

ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ. ಬಂದರೆ, ಅವನು “ಹಿಡೀತು” ಅನ್ನುವವರೆಗೂ ಕೈ ಬಿಡುವುದಿಲ್ಲ.